ಮೂವರ ತಿಂಡಿ, ಒಬ್ಬಳ ಬ್ಯಾಗು

ಬೇಸಿಗೆ ರಜೆ ಹತ್ತಿರ ಬಂತೆಂದರೆ ಡ್ಯಾಲಸ್ ಪಕ್ಕದ ಅಲೆನ್‌ ಊರಿನ ನಮ್ಮ ಬೀದಿಯ ಹುಡುಗಿಯರಲ್ಲಿ ಯಾರಾದರೊಬ್ಬರು ನನ್ನನ್ನು ಹುಡುಕಿಕೊಂಡು ಬರುತ್ತಾರೆ.

“ಆಂಟಿ, ಯೂರೋಪಲ್ಲಿ ಒಂದು ಚೀಪ್ ಫ್ಲೈಟ್ ಬುಕ್ ಮಾಡಿದೀವಿ. ನೀವು ಹೋಗ್ಬಂದಿದೀರಂತಲ್ಲ, ಏನೇನು ಎಕ್ಸ್‌ಪೆಕ್ಟ್ ಮಾಡ್ಬೇಕು ಹೇಳಿ.”

ಕಾಫಿ ಕೊಟ್ಟು ಹೇಳುತ್ತೇನೆ. ಊರಿನ ಹೆಸರಿಟ್ಟುಕೊಂಡ ಏರ್‌ಪೋರ್ಟು ಊರಿನಿಂದ ಎಷ್ಟೋ ದೂರದ ಹೊಲಗಳ ಮಧ್ಯೆ ಇರುತ್ತದೆ, ಬೇಗ ಹೊರಡಿ. ಬೋರ್ಡಿಂಗ್ ಪಾಸ್ ಹಿಂದಿನ ದಿನವೇ ಪ್ರಿಂಟ್ ಮಾಡಿಕೊಳ್ಳಿ. ವಿಮಾನದೊಳಗೆ ಕುಡಿಯುವ ನೀರನ್ನೂ ಕೊಂಡೇ ಕುಡಿಯಬೇಕು. ಸೀಟು ಹಿಂದಕ್ಕೆ ಬಾಗುವುದಿಲ್ಲ, ಎದುರಿಗೆ ಪುಸ್ತಕ ಸಿಕ್ಕಿಸಲು ಜೇಬೂ ಇರುವುದಿಲ್ಲ. ಬ್ಯಾಗನ್ನು ಮನೆಯಲ್ಲೇ ಟೇಪು ಹಿಡಿದು ಅಳೆಯಿರಿ, ಚಕ್ರವನ್ನೂ ಸೇರಿಸಿ.

ಇಷ್ಟು ಹೇಳಿ ನಿಲ್ಲಿಸುತ್ತೇನೆ. ಸೀಟಿನ ವಿಷಯವೆಲ್ಲ ನಾನು ಕೇಳಿ ತಿಳಿದದ್ದು, ಆ ವಿಮಾನದೊಳಗೆ ನಾನು ಕಾಲಿಡಲೇ ಇಲ್ಲ ಎಂಬುದನ್ನು ಮಾತ್ರ ಹೇಳುವುದಿಲ್ಲ.

ನಾವು ಮೂವರು. ಮೈಸೂರಿನ ಕಾನ್ವೆಂಟಿನಲ್ಲಿ ಒಂದೇ ಬೆಂಚಿನವರು. ಮದುವೆಗಳು ನಮ್ಮನ್ನು ಒಬ್ಬೊಬ್ಬರನ್ನಾಗಿ ಟೆಕ್ಸಸ್‌ಗೆ ತಂದು ಹಾಕಿದವು. ಒಬ್ಬಳ ಗಂಡ ಹ್ಯೂಸ್ಟನ್‌ನಲ್ಲಿ ಡಾಕ್ಟರು, ಇನ್ನೊಬ್ಬಳ ಗಂಡ ಆಸ್ಟಿನ್‌ನಲ್ಲಿ ಪ್ರೊಫೆಸರು, ನನ್ನವರು ಡ್ಯಾಲಸ್‌ನಲ್ಲಿ ಎಂಜಿನಿಯರು. ಫೋನಿನಲ್ಲಿ ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುವುದು ಯಾವಾಗ ಶುರುವಾಯಿತೋ ನೆನಪಿಲ್ಲ. “ಏನೇ ಡ್ಯಾಲಸ್, ಇನ್ನೂ ಎದ್ದಿಲ್ವಾ?” ಎಂದರೆ ಅದು ಹ್ಯೂಸ್ಟನ್. ಗಂಡಂದಿರು ಒಬ್ಬೊಬ್ಬರಾಗಿ ಹೋದ ಮೇಲೆ ನಮ್ಮ ಫೋನುಗಳು ಇನ್ನೂ ಉದ್ದವಾದವು. ಕಷ್ಟ ಬಂದರೆ ಮಕ್ಕಳಿಗಿಂತ ಮೊದಲು ನಾನು ಫೋನು ಮಾಡುತ್ತಿದ್ದದ್ದು ಇವರಿಬ್ಬರಿಗೆ.

ನಮಗೆ ಇಂಗ್ಲಿಷ್ ಕಲಿಸಿದ ಐರಿಷ್ ಸಿಸ್ಟರ್ ಒಬ್ಬರಿದ್ದರು. ಅವರಿಬ್ಬರಿಗೆ ಅವರು ಟೀಚರ್. ನನಗೆ ಹಾಗಲ್ಲ. ಚಿಕ್ಕವಳಿದ್ದಾಗಲೇ ನನ್ನ ಅಮ್ಮ ತೀರಿಕೊಂಡು, ಅಪ್ಪ ನನ್ನನ್ನು ಬೋರ್ಡಿಂಗ್‌ಗೆ ಸೇರಿಸಿದ್ದರು. ಬೆಳಿಗ್ಗೆ ಪ್ರೇಯರ್‌ಗೆ ಮುಂಚೆ ನನ್ನ ತಲೆ ಬಾಚಿ ಎರಡು ಜಡೆ ಹೆಣೆಯುತ್ತಿದ್ದದ್ದು ಆ ಸಿಸ್ಟರ್. ಜಡೆ ಹೆಣೆಯಲು ಅವರಿಗೆ ಬರುತ್ತಲೇ ಇರಲಿಲ್ಲ; ಅಡುಗೆಯ ಆಯಾಳಿಂದ ಕಲಿತುಕೊಂಡು ಬಂದರು. ವಯಸ್ಸಾದ ಮೇಲೆ ಅವರು ತಮ್ಮ ದೇಶಕ್ಕೆ ಮರಳಿ, ನಿವೃತ್ತ ಸಿಸ್ಟರ್‌ಗಳಿಗೆಂದೇ ಇರುವ ಒಂದು ಹೋಮ್‌ನಲ್ಲಿದ್ದರು. ಪ್ರತಿ ಕ್ರಿಸ್‌ಮಸ್‌ಗೆ ನಾನು ಕಾರ್ಡು ಕಳಿಸುತ್ತಿದ್ದೆ. ಸಾಯುವ ಮೊದಲು, ಅವರಾಗಲಿ ನಾನಾಗಲಿ, ಒಮ್ಮೆ ಎದುರೆದುರು ಕೂರಬೇಕು ಎಂಬುದೊಂದೇ ನನ್ನ ಆಸೆಯಾಗಿತ್ತು.

“ಹಾಗಾದ್ರೆ ಹೋಗೋಣ ನಡೀರೇ,” ಎಂದಳು ಆಸ್ಟಿನ್. ಆಸ್ಟಿನ್ ಊರಂಚಿನ ಫ್ಲೂಗರ್‌ವಿಲ್‌ನ ಅವಳ ಮನೆಯಲ್ಲಿ, ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿ, ಕಂಪ್ಯೂಟರ್ ಮುಂದೆ ಕುಳಿತು ಎಲ್ಲವನ್ನೂ ಅವಳೇ ಬುಕ್ ಮಾಡಿದಳು. ಡ್ಯಾಲಸ್‌ನಿಂದ ಲಂಡನ್‌ಗೆ ದೊಡ್ಡ ವಿಮಾನ. ಅಲ್ಲಿಂದ ಸಿಸ್ಟರ್ ಇದ್ದ ಐರ್ಲೆಂಡಿನ ಸಣ್ಣ ಊರಿಗೆ ಚೀಪ್ ಏರ್‌ಲೈನು. ಹೋಮ್‌ನವರು ನಮಗೆಂದು ಒಂದು ಮಧ್ಯಾಹ್ನ ಗೊತ್ತು ಮಾಡಿಕೊಟ್ಟರು. ವಿದೇಶದಲ್ಲಿ ಕೆಲಸ ಮಾಡುವ ಫೋನ್ ಪ್ಲಾನನ್ನು ಅವಳೊಬ್ಬಳೇ ತೆಗೆದುಕೊಂಡಳು. ಮೂವರೂ ಜೊತೆಯಲ್ಲೇ ಇರುವಾಗ ಮೂರು ಯಾಕೆ?

ಹೊರಡುವ ಹಿಂದಿನ ದಿನ ಇಬ್ಬರೂ ನನ್ನ ಮನೆಗೆ ಬಂದರು. “ಅಲ್ಲಿ ಮೂರು ಹೊತ್ತೂ ಆಲೂಗಡ್ಡೆ ತಿನ್ಸಿ ಸಾಯಿಸ್ತಾರೆ ಕಣೇ,” ಎನ್ನುತ್ತ ಹ್ಯೂಸ್ಟನ್ ಚಕ್ಕುಲಿ, ಕೋಡುಬಳೆಯ ಡಬ್ಬಗಳನ್ನು ಇಳಿಸಿದಳು. ಆಸ್ಟಿನ್ ತಂದದ್ದು ಚಟ್ನಿಪುಡಿ, ಹುರಿದ ಅವಲಕ್ಕಿ, ಒಂದು ಪುಟ್ಟ ರೈಸ್ ಕುಕ್ಕರ್. ನಾನು ಸಿಸ್ಟರಿಗೆಂದು ರವೆ ಉಂಡೆ ಕಟ್ಟಿದ್ದೆ. ಬೋರ್ಡಿಂಗಿನಲ್ಲಿ ನನ್ನ ಅಜ್ಜಿ ಕಳಿಸುತ್ತಿದ್ದ ಉಂಡೆಯಲ್ಲಿ ಅವರಿಗೆ ಒಂದು ಪಾಲು ಇದ್ದೇ ಇರುತ್ತಿತ್ತು.

“ನಿನ್ ಬ್ಯಾಗು ಅಗಲ ಇದೆ. ತಿಂಡಿ ಎಲ್ಲಾ ಅದ್ರಲ್ಲೇ ಇರ್ಲಿ, ಮೂರು ಕಡೆ ಯಾರು ಹುಡುಕ್ತಾರೆ?” ಎಂದಳು ಆಸ್ಟಿನ್. ನನ್ನ ಸೀರೆಗಳು ಹ್ಯೂಸ್ಟನ್‌ಳ ಬ್ಯಾಗಿಗೂ ಸ್ವೆಟರು ಆಸ್ಟಿನ್‌ಳ ಬ್ಯಾಗಿಗೂ ಹೋದವು. ನನಗೆ ಅದು ವಿಚಿತ್ರವೆನಿಸಲಿಲ್ಲ. ನಾವು ರೈಲಿನಲ್ಲಿ ಬೆಳೆದವರು. ಮದರಾಸಿಗೆ ಹೊರಟರೂ ಮನೆಮಂದಿಗೆಲ್ಲ ಒಂದೇ ತಿಂಡಿಯ ಬುಟ್ಟಿ. ಆ ಬುಟ್ಟಿ ಯಾರದೂ ಅಲ್ಲ, ಹಸಿದವರದು. ಆದರೆ ಅಗ್ಗದ ವಿಮಾನದಲ್ಲಿ ಪ್ರತಿಯೊಂದು ಬ್ಯಾಗಿಗೂ ಒಬ್ಬ ಒಡೆಯನಿರಲೇಬೇಕು. ಇದನ್ನು ಮೂವರಲ್ಲಿ ಒಬ್ಬರೂ ಯೋಚಿಸಲಿಲ್ಲ.

ಲಂಡನ್ ತನಕ ಏನೂ ತೊಂದರೆಯಾಗಲಿಲ್ಲ. ಚಿಕ್ಕ ವಿಮಾನದ ಗೇಟಿನಲ್ಲಿ ಒಂದು ಕಬ್ಬಿಣದ ಚೌಕಟ್ಟು ಇಟ್ಟಿದ್ದರು. ಬ್ಯಾಗು ಅದರೊಳಗೆ ಇಳಿದರೆ ಮಾತ್ರ ಒಳಗೆ. ಅವರಿಬ್ಬರದೂ ಇಳಿಯಿತು. ನನ್ನದು ಅರ್ಧಕ್ಕೇ ನಿಂತಿತು. ಯೂನಿಫಾರ್ಮಿನ ಹೆಂಗಸು ನಕ್ಕಳು, ಆದರೆ ಬಿಡಲಿಲ್ಲ: ದುಡ್ಡು ಕಟ್ಟಿ ಲಗೇಜಿಗೆ ಹಾಕಿಸುವ ಹೊತ್ತು ಮೀರಿತು, ಬ್ಯಾಗು ಚಿಕ್ಕದಾಗಬೇಕು, ಇಲ್ಲವೇ ಇಲ್ಲೇ ಉಳಿಯಬೇಕು, ಗೇಟ್ ಈಗ ಕ್ಲೋಸ್ ಆಗುತ್ತದೆ.

ನಾನು ನೆಲದ ಮೇಲೆ ಕುಳಿತು ಜಿಪ್ ಎಳೆದೆ. “ಹ್ಯೂಸ್ಟನ್, ನಿನ್ ಡಬ್ಬ ಹಿಡ್ಕೊಳೇ. ಆಸ್ಟಿನ್, ಕುಕ್ಕರ್ ತಗೋ. ಎರಡೇ ಎರಡು ತೆಗೆದ್ರೆ ಸಾಕು.”

“ಅಯ್ಯೋ, ನಂದು ಜಿಪ್ ಬಿಚ್ಚಿದ್ರೆ ಮತ್ತೆ ಹಾಕಕ್ಕಾಗಲ್ಲ ಕಣೇ,” ಎಂದಳು ಹ್ಯೂಸ್ಟನ್.

“ಲೇಡೀಸ್, ಆರ್ ಯು ಟುಗೆದರ್?” ಎಂದು ಆ ಹೆಂಗಸು ಕೇಳಿದಳು.

“ನೋ, ನೋ,” ಎಂದಳು ಹ್ಯೂಸ್ಟನ್. “ದಟ್ಸ್ ಹರ್ ಬ್ಯಾಗ್. ಶಿ ಪ್ಯಾಕ್ಡ್ ಇಟ್.”

ಕನ್ನಡದಲ್ಲಿ ಅಂದಿದ್ದರೆ ಅದನ್ನು ನಮ್ಮೊಳಗಿನ ಜಗಳವೆಂದುಕೊಳ್ಳುತ್ತಿದ್ದೆ. ಅವಳು ಇಂಗ್ಲಿಷಿನಲ್ಲಿ ಅಂದಳು, ಸಿಸ್ಟರ್ ಕಲಿಸಿದ ಸ್ಪಷ್ಟವಾದ ಇಂಗ್ಲಿಷಿನಲ್ಲಿ, ಆ ಹೆಂಗಸಿಗೆ ಕೇಳಿಸಲೆಂದೇ.

ಆಸ್ಟಿನ್ ಬಗ್ಗಿ ರವೆ ಉಂಡೆಯ ಡಬ್ಬವನ್ನು ಮಾತ್ರ ಎತ್ತಿಕೊಂಡಳು. “ಸಿಸ್ಟರ್‌ದು ನಾನು ಹಿಡ್ಕೊಂಡಿರ್ತೀನಿ. ಉಳಿದಿದ್ದೆಲ್ಲಾ ಬಿಸಾಕಿ ಬೇಗ ಬಾ, ನಾವು ಹೇಳಿರ್ತೀವಿ.”

ಕಸದ ತೊಟ್ಟಿ ಕಂಬದ ಆಚೆ ಇತ್ತು. ಚಕ್ಕುಲಿ, ಅವಲಕ್ಕಿ, ಚಟ್ನಿಪುಡಿ ಎಲ್ಲವನ್ನೂ ಸುರಿದೆ. ಕುಕ್ಕರನ್ನೂ ಹಾಕಿದೆ. ಖಾಲಿ ಬ್ಯಾಗು ಎದೆಗವಚಿಕೊಂಡು ಓಡಿ ಬಂದಾಗ ಬಾಗಿಲು ಮುಚ್ಚಿತ್ತು. “ನನ್ನ ಫ್ರೆಂಡ್ಸ್ ಹೇಳಲಿಲ್ಲವೇ, ನಾನು ಬರುತ್ತಿದ್ದೇನೆ ಅಂತ?” ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಆ ಹೆಂಗಸು ಇಲ್ಲವೆಂದು ತಲೆಯಾಡಿಸಿದಳು. ಯಾರೂ ಏನೂ ಹೇಳಿರಲಿಲ್ಲ.

ಅಲ್ಲಿ ವಿಮಾನದವರೆಗೆ ನಡೆದುಕೊಂಡೇ ಹೋಗಬೇಕು. ಗಾಜಿನಾಚೆ ಇಬ್ಬರೂ ಕಂಡರು. ಹ್ಯೂಸ್ಟನ್‌ಳ ಮೆರೂನ್ ಶಾಲು ಗಾಳಿಗೆ ಹಾರುತ್ತಿತ್ತು, ಆಸ್ಟಿನ್ ಅದರ ತುದಿಯನ್ನು ಹಿಡಿದುಕೊಟ್ಟಳು. ಮೆಟ್ಟಿಲು ಹತ್ತುವ ಮುನ್ನ ಒಬ್ಬಳಾದರೂ ತಿರುಗಿ ನೋಡುತ್ತಾಳೆಂದು ನಿಂತೆ. ನೋಡಲಿಲ್ಲ.

ಆ ಊರಿಗೆ ಮುಂದಿನ ವಿಮಾನ ಹೊರಡುವ ಹೊತ್ತಿಗೆ ನಮಗೆ ಕೊಟ್ಟ ಮಧ್ಯಾಹ್ನ ಮುಗಿದಿರುತ್ತಿತ್ತು, ಅವರಿಬ್ಬರೂ ಲಂಡನ್ನಿಗೆ ವಾಪಸು ಬಂದಿರುತ್ತಿದ್ದರು. ಹೋಮ್‌ನ ನಂಬರು ಆಸ್ಟಿನ್‌ಳ ಫೋನಿನಲ್ಲಿತ್ತು. ನನ್ನ ಸ್ವೆಟರು ಐರ್ಲೆಂಡಿಗೆ ಹೋಗಿತ್ತು. ಏರ್‌ಪೋರ್ಟ್ ಪಕ್ಕದ ಹೋಟೆಲಿನಲ್ಲಿ ಕಂಬಳಿ ಹೊದ್ದು ಕಿಟಕಿಯ ಬಳಿ ಕುಳಿತು, ಅವರಿಬ್ಬರ ಪರವಾಗಿ ನನಗೆ ನಾನೇ ವಾದ ಮಾಡಿಕೊಂಡೆ. ಗಾಬರಿಯಾಗಿರಬಹುದು. ನಾನು ಹಿಂದೆಯೇ ಇದ್ದೇನೆಂದುಕೊಂಡಿರಬಹುದು.

ಮರಳಿ ಬಂದಾಗ ಇಬ್ಬರೂ ಅದನ್ನೇ ಹೇಳಿದರು. “ನೀನು ಹಿಂದೇನೇ ಬರ್ತಿದೀಯ ಅಂದ್ಕೊಂಡ್ವಿ ಕಣೇ. ಸಿಸ್ಟರ್ ನಿನ್ನ ತುಂಬಾ ತುಂಬಾ ಕೇಳಿದ್ರು.” ಅಷ್ಟಕ್ಕೇ ನಾನು ಕರಗಿದೆ.

ಅಲೆನ್‌ಗೆ ಬಂದು ಕೆಲವು ವಾರ ಕಳೆದ ಮೇಲೆ ಹೋಮ್‌ಗೆ ಫೋನು ಮಾಡಿದೆ. ಬಹಳ ಹೊತ್ತಿನ ಮೇಲೆ ಸಿಸ್ಟರ್ ಬಂದರು. ದನಿ ತೆಳ್ಳಗಾಗಿತ್ತು, ಆದರೆ ಅದೇ ದನಿ.

“ಮೈ ಚೈಲ್ಡ್, ನಿನ್ನ ಮಂಡಿ ಈಗ ಹೇಗಿದೆ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಯಾವ ಮಂಡಿ?

“ಅವರಿಬ್ಬರೂ ಹೇಳಿದರು, ಮಂಡಿನೋವಿನಿಂದ ನಿನಗೆ ಟೆಕ್ಸಸ್‌ನಿಂದಲೇ ಹೊರಡಲಾಗಲಿಲ್ಲ ಅಂತ. ನೀನು ಕಳಿಸಿದ ಲಾಡು ಬಂತು. ಒಂದನ್ನು ಎರಡು ದಿನ ಇಟ್ಟುಕೊಂಡು ತಿಂದೆ. ಯು ವುಡ್ ಹ್ಯಾವ್ ಕಮ್ ಇಫ್ ಯು ಕುಡ್, ಐ ಟೋಲ್ಡ್ ದೆಮ್ ಸೋ.”

ಉಂಡೆ ನನ್ನ ಹೆಸರಿನಲ್ಲೇ ತಲುಪಿತ್ತು. ನಾನು ಮಾತ್ರ ಹೊರಟೇ ಇರಲಿಲ್ಲ. ಒಂದು ಗಂಟೆಯ ಹಾರಾಟದಷ್ಟು ಹತ್ತಿರದಲ್ಲಿ, ಸ್ವೆಟರಿಲ್ಲದೆ ಕುಳಿತಿದ್ದವಳನ್ನು ಇವರು ಟೆಕ್ಸಸ್‌ಗೆ ವಾಪಸು ಕಳಿಸಿಬಿಟ್ಟಿದ್ದರು.

“ಈಗ ಪರವಾಗಿಲ್ಲ, ಸಿಸ್ಟರ್,” ಎಂದೆ. ಇನ್ನೇನು ಹೇಳಲಿ? ತೊಂಬತ್ತು ದಾಟಿದ ಹೆಂಗಸು, ಬಂದು ಹೋದ ಇಬ್ಬರು ಶಿಷ್ಯೆಯರ ಸಂತೋಷದಲ್ಲಿದ್ದರು.

ಮುಂದಿನ ಸಲ ಮೂವರೂ ಸೇರಿದ್ದು ನಮ್ಮೂರಿಗೆ ಹತ್ತಿರದ ಕ್ಯಾರಲ್ಟನ್‌ನ ದೋಸೆ ಹೋಟೆಲಿನಲ್ಲಿ. ಕೇಳಿಯೇ ಬಿಟ್ಟೆ.

“ಮತ್ತೇನು ಹೇಳ್ಬೇಕಿತ್ತು?” ಆಸ್ಟಿನ್ ಕೆಂಪಾದಳು. “ಗೇಟಲ್ಲಿ ಬಿಟ್ಟು ಬಂದ್ವಿ ಅಂತಾನಾ? ಅವರ ಮುಖ ನೋಡ್ಕೊಂಡು?”

“ಮಂಡಿ ನೋವು ಅಂದ್ವಿ, ಸತ್ತೋದೆ ಅನ್ಲಿಲ್ವಲ್ಲ,” ಎಂದಳು ಹ್ಯೂಸ್ಟನ್. “ನಾವು ನಿಂತಿದ್ರೆ ಮೂರು ಜನಾನೂ ಮಿಸ್ ಮಾಡ್ಕೋತಿದ್ವಿ. ಆಗ ನಿಂಗೆ ಸಮಾಧಾನ ಆಗ್ತಿತ್ತಾ?”

“ಆಗ್ತಿತ್ತು ಕಣೇ. ಆ ನೆಲದ ಮೇಲೇ ಕೂತು, ಮೂರು ಜನಾನೂ ಚಕ್ಕುಲಿ ತಿಂದ್ಕೊಂಡು ನಗ್ತಿದ್ವಿ.”

ಹ್ಯೂಸ್ಟನ್ ಸಾಂಬಾರಿನ ಬಟ್ಟಲನ್ನು ನನ್ನತ್ತ ಸರಿಸಿದಳು. “ದೋಸೆ ಆರ್ತಿದೆ, ತಿನ್ನು.”

ತಿಂದೆ. ಈಗಲೂ ಫೋನುಗಳು ಬರುತ್ತವೆ, “ಏನೇ ಡ್ಯಾಲಸ್” ಎನ್ನುತ್ತಾರೆ, ನಾನೂ ಓಗೊಡುತ್ತೇನೆ. ಆದರೆ ಏನಾದರೂ ಕಷ್ಟವಾದರೆ ಈಗ ಅವರಿಗೆ ಹೇಳುವುದಿಲ್ಲ.

ಐರ್ಲೆಂಡಿಗೆ ಒಬ್ಬಳೇ ಹೋಗಬಹುದು. ಮಗಳು ಟಿಕೆಟ್ ಮಾಡಿಕೊಡುತ್ತೇನೆಂದೂ ಅಂದಳು. ಆದರೆ ಎದುರು ಕುಳಿತರೆ ಸಿಸ್ಟರ್ ಮೊದಲು ಕೇಳುವುದು ಮಂಡಿಯನ್ನೇ. ಆಗ ಅವರಿಬ್ಬರ ಸುಳ್ಳನ್ನು ಬಯಲು ಮಾಡಬೇಕು, ಇಲ್ಲವೇ ನನ್ನ ಜಡೆ ಹೆಣೆದವರ ಕಣ್ಣಲ್ಲಿ ಕಣ್ಣಿಟ್ಟು ಅದನ್ನೇ ನಾನೂ ಹೇಳಬೇಕು. ಎರಡೂ ನನ್ನಿಂದಾಗದು. ಹಾಗಾಗಿ ಫೋನೇ ಸಾಕು ಎಂದುಕೊಂಡಿದ್ದೇನೆ. ಸಿಸ್ಟರ್ ಪ್ರತಿ ದಿನ ನನ್ನ ಮಂಡಿಗಾಗಿ ಪ್ರಾರ್ಥಿಸುತ್ತಾರಂತೆ. ಹೋಮ್‌ನ ಉಳಿದ ಸಿಸ್ಟರ್‌ಗಳಿಗೂ ಹೇಳಿದ್ದಾರಂತೆ. ನಾನು ಥ್ಯಾಂಕ್ಯೂ ಹೇಳಿ ಫೋನಿಡುತ್ತೇನೆ. ಶೂ ಹಾಕಿಕೊಂಡು, ಯಾವ ನೋವೂ ಇಲ್ಲದ ಈ ಕಾಲುಗಳಲ್ಲಿ, ಪಾರ್ಕಿನ ಸುತ್ತ ನಡೆಯಲು ಹೋಗುತ್ತೇನೆ.