ಎತ್ತಿಕೊಂಡರೆ ಆರಿಹೋಗುವ ಕಂಪ್ಯೂಟರು

ಪುಣೆಗೆ ಬಂದ ಮೇಲೆ ಚಳ್ಳಕೆರೆಯ ಜನಕ್ಕೆ ನನ್ನ ಮುಖ ಕಾಣಿಸುವುದು ನಿಂತುಹೋಯಿತು. ಕೆಲಸದ ಹೊತ್ತಿನಲ್ಲಿ ನನ್ನ ಜೊತೆ ವಿಡಿಯೊ ಕಾಲಿನಲ್ಲಿ ಮಾತಾಡಿದವರೆಲ್ಲ ನೋಡಿದ್ದು ನಮ್ಮ ಬಾಡಿಗೆ ಕೋಣೆಯ ತಗಡಿನ ಸೂರನ್ನು, ಅಲ್ಲಿ ಗರಗರ ತಿರುಗುವ ಫ್ಯಾನನ್ನು. ಮದುವೆ ಮನೆಯವರು ಆ ಫ್ಯಾನಿಗೆ ನಮಸ್ಕಾರ ಹೇಳಿ, ಹುಡುಗನ ಹೆಸರು, ಹುಡುಗಿಯ ಹೆಸರು, ಮುಹೂರ್ತ ಎಲ್ಲವನ್ನೂ ಅದಕ್ಕೇ ಒಪ್ಪಿಸುತ್ತಿದ್ದರು. ನಾನು ಫ್ಯಾನಿನ ಕೆಳಗೆ ಕೂತು ಟೈಪು ಮಾಡುತ್ತಿದ್ದೆ.

ನನ್ನ ಹೆಸರು ತಿಪ್ಪಮ್ಮ. ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರದವಳು, ಪರಶುರಾಂಪುರಕ್ಕೆ ಕೊಟ್ಟ ಹೆಣ್ಣು. ಚಳ್ಳಕೆರೆಯಲ್ಲಿ ಬಾಷಾ ಸಾಬ್ರ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಲಗ್ನಪತ್ರಿಕೆಯೇ ನಮ್ಮ ಮುಖ್ಯ ಕೆಲಸ. ನಮ್ಮ ಕಡೆ ಅದನ್ನು ಬರೆಸಲು ಒಬ್ಬರು ಬರುವುದಿಲ್ಲ, ಇಡೀ ಮನೆಯೇ ಬಸ್ಸು ಹತ್ತಿ ಬರುತ್ತದೆ. ಅವರಿಗೆಂದೇ ನನ್ನ ಬೆನ್ನ ಹಿಂದೆ ಒಂದು ಬೆಂಚು ಇತ್ತು. ಸೋದರಮಾವನ ಹೆಸರು ಮೇಲೆ ಬರಬೇಕೋ ದೊಡ್ಡಪ್ಪನ ಹೆಸರು ಮೇಲೆ ಬರಬೇಕೋ ಎಂದು ಅಲ್ಲೇ ಜಗಳ, ಅಲ್ಲೇ ರಾಜಿ. ಮಾತು ಮಿತಿಮೀರಿದರೆ ನಾನು ಕುರ್ಚಿ ತಿರುಗಿಸಿ, "ಇಬ್ರನ್ನೂ ಒಂದೇ ಸಾಲಿಗೆ ಹಾಕ್ತೀನಿ ಬಿಡ್ರಿ, ಯಾರೂ ಮೇಲಿಲ್ಲ, ಯಾರೂ ಕೆಳಗಿಲ್ಲ" ಅನ್ನುತ್ತಿದ್ದೆ. ನಗುತ್ತಿದ್ದರು. ಸಾಬ್ರು ಟೀ ತರಿಸುತ್ತಿದ್ದರು. ಆ ಕುರ್ಚಿಯಲ್ಲಿ ಕೂತಷ್ಟು ಹೊತ್ತು ನನಗೂ ಒಂದು ಬೆಲೆ ಇದೆ ಅನ್ನಿಸುತ್ತಿತ್ತು.

ನಮ್ಮವರು ದುಡಿಯುತ್ತಿದ್ದ ಶೇಂಗಾ ಎಣ್ಣೆ ಮಿಲ್ಲು ಬಾಗಿಲು ಹಾಕಿತು. ಪುಣೆಯ ಹೊರಗೆ ಪ್ಲಾಸ್ಟಿಕ್ ಸಾಮಾನು ಮಾಡುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಗಂಟುಮೂಟೆ ಕಟ್ಟಿದೆವು. ನಾನು ಹೇಳಿಬರಲು ಹೋದಾಗ ಸಾಬ್ರು ತಮ್ಮ ಹಳೆಯ ದೊಡ್ಡ ಫೋನನ್ನು ಕೈಗಿಟ್ಟರು.

"ಕಂಪ್ಯೂಟರ್ ಹೊತ್ಕೊಂಡು ಹೋಗೋಕಾಗಲ್ಲ ಬೇಟಿ. ಇದಕ್ಕೊಂದು ವೈರ್ ಹಾಕಿ ದೊಡ್ಡ ಪರದೆಗೆ ಸಿಗ್ಸು, ಇದೇ ಕಂಪ್ಯೂಟರ್ ಆಗ್ತೈತೆ. ಕೀಬೋರ್ಡು, ಮೌಸು ಎಲ್ಲಾ ನಡೀತೈತೆ. ನಿನ್ನ ಕೆಲ್ಸ ಎಲ್ಲೂ ಹೋಗಲ್ಲ."

ಅವರ ಮಾತನ್ನು ನಾನು ನಂಬಿದೆ. ಊರು ಬಿಡುವ ದುಃಖ ಅರ್ಧ ಇಳಿದದ್ದು ಆ ಮಾತಿನಿಂದಲೇ.

ಇಲ್ಲಿ ಕೋಣೆಗೆ ಖೋಲಿ ಅನ್ನುತ್ತಾರೆ. ನಮ್ಮ ಖೋಲಿಯಲ್ಲಿ ಒಲೆ, ಹಾಸಿಗೆ, ಬಚ್ಚಲು ಎಲ್ಲ ಒಂದಕ್ಕೊಂದು ಅಂಟಿಕೊಂಡಿವೆ. ಊರಲ್ಲಿ ಬಾಗಿಲು ತೆಗೆದರೆ ಬಯಲು, ಅದರಾಚೆ ಬಂಡೆಗುಡ್ಡ, ಕುರಿಮಂದೆ. ಇಲ್ಲಿ ಬಾಗಿಲು ತೆಗೆದರೆ ಎದುರು ಮನೆಯವರ ಬಾಗಿಲು. ರಾಗಿ ಹಿಟ್ಟಿಗಾಗಿ ಅಂಗಡಿ ಅಂಗಡಿ ಅಲೆದೆ. ಅದಕ್ಕಿಲ್ಲಿ ನಾಚಣಿ ಅನ್ನಬೇಕಂತೆ. ಅಂಗಡಿಯವನು ಅಂಗೈಯಗಲದ ಪೊಟ್ಟಣ ಕೊಟ್ಟು, ಮಗುವಿಗೆ ಎಷ್ಟು ತಿಂಗಳು ಎಂದು ಕೇಳಿದ. ಮುದ್ದೆ ತಿನ್ನುವ ಗಂಡನಿಗೆ ಎಂದು ಹೇಳುವಷ್ಟು ಮರಾಠಿ ಬರಲಿಲ್ಲ. ಸುಮ್ಮನೆ ನಕ್ಕು ಬಂದೆ. ಮನೆ ಮಾಲೀಕಳನ್ನು ಎಲ್ಲರೂ ಕಾಕೂ, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ. ಒಳ್ಳೆಯವಳೇ, ಆದರೆ ನನ್ನ ಹೆಸರಿಗೆ ಅವಳ ನಾಲಿಗೆ ಹೊರಳುವುದಿಲ್ಲ. ಇಡೀ ದಿನ ಯಾರೂ ಹೆಸರು ಹಿಡಿದು ಕರೆಯದಿದ್ದರೆ ಎಂಥ ಭಣಭಣ ಅನ್ನುವುದು ನನಗೆ ಮೊದಲು ಗೊತ್ತಿರಲಿಲ್ಲ.

ಹಳೇ ಸಾಮಾನಿನ ಸಂತೆಯಲ್ಲಿ ಒಂದು ಪರದೆ ಸಿಕ್ಕಿತು. ಮೂಲೆಯಲ್ಲಿ ಸೀಳು ಬಿಟ್ಟಿತ್ತು, ಅಕ್ಷರ ಕಾಣುತ್ತಿತ್ತು, ಅಷ್ಟೇ ಬೇಕಿತ್ತು. ಫೋನಿಗೆ ವೈರು ಚುಚ್ಚಿದ ಕೂಡಲೇ ಅದರ ಮೇಲೆ ದೊಡ್ಡ ಕಂಪ್ಯೂಟರಿನ ಹಾಗೇ ಎಲ್ಲ ತೆರೆದುಕೊಂಡಾಗ ನಾನು ಮಗುವಿನ ಹಾಗೆ ಚಪ್ಪಾಳೆ ತಟ್ಟಿದೆ. ಈ ಊರಿನಲ್ಲಿ ನಾನು ನಿಜವಾಗಿ ಖುಷಿಪಟ್ಟದ್ದು ಅವತ್ತು ಒಂದೇ ದಿನ.

ಆಮೇಲೆ ಒಂದೊಂದೇ ಕೈಕೊಡತೊಡಗಿತು. ಪ್ರೆಸ್ಸಿನ ಹಳೆಯ ಪತ್ರಿಕೆಗಳನ್ನು ಫೋನಿನಲ್ಲಿ ತೆರೆದರೆ ಕನ್ನಡವೆಲ್ಲ ಚಿತ್ರವಿಚಿತ್ರ ಗುರುತಾಗಿ ಕಾಣುತ್ತಿತ್ತು. ಹಳೇ ಕಾಲದ ಕಂಪ್ಯೂಟರಿನ ಅಕ್ಷರ ಫೋನಿಗೆ ತಿಳಿಯುವುದಿಲ್ಲ. ಮೊದಲಿನಿಂದ ಎಲ್ಲವನ್ನೂ ಮತ್ತೆ ಟೈಪು ಮಾಡಿದೆ. ಅದಕ್ಕೆ ನಾನು ಅಂಜಲಿಲ್ಲ. ಕಷ್ಟಕ್ಕೆ ಬಂದದ್ದು ವೈರು ಚುಚ್ಚುವ ತೂತು. ಸವೆದು ಸಡಿಲವಾಗಿತ್ತು. ಫೋನನ್ನು ಅಂಗಾತ ಮಲಗಿಸಿ, ವೈರಿನ ಮೇಲೆ ಮಸಾಲೆ ಅರೆಯುವ ಗುಂಡುಕಲ್ಲು ಹೇರಿದರೆ ಮಾತ್ರ ಪರದೆ ಹತ್ತುತ್ತಿತ್ತು. ಕೈಗೆತ್ತಿಕೊಂಡರೆ, ಗೋಡೆಗೆ ಒರಗಿಸಿದರೆ, ಕಂಪ್ಯೂಟರು ಆರಿಹೋಗುತ್ತಿತ್ತು. ರಿಪೇರಿಯವನು, ಕೈ ಹಾಕಿದರೆ ಇದ್ದದ್ದೂ ಹೋದೀತು ಎಂದು ಹಿಂದಕ್ಕೆ ಕೊಟ್ಟ. ಮನೆಯಲ್ಲಿದ್ದ ಇನ್ನೊಂದು ಫೋನು ಬಟನ್ನಿನದು, ಅದು ನಮ್ಮವರ ಜೇಬಿನಲ್ಲಿ ಕಾರ್ಖಾನೆಗೆ ಹೋಗುತ್ತಿತ್ತು.

ಹಾಗಾಗಿ ಚಳ್ಳಕೆರೆಯ ಬೆಂಚಿನ ಮೇಲೆ ಕೂತವರ ಮುಖ ನನಗೆ ಪರದೆಯ ತುಂಬ ಕಾಣುತ್ತಿತ್ತು. ಅವರಿಗೆ ನಮ್ಮ ಸೂರು ಕಾಣುತ್ತಿತ್ತು. ಆಂಧ್ರದ ಗಡಿಯ ಕಡೆಯಿಂದ ಬಂದಿದ್ದ ಒಬ್ಬ ಅಜ್ಜಿ, "ಎವರಮ್ಮಾ ನುವ್ವು?" ಎಂದು ತೆಲುಗಿನಲ್ಲಿ ಕೇಳಿದಳು, ನೀನು ಯಾರಮ್ಮಾ ಎಂದು. ನನ್ನ ದನಿ ಕೇಳಿ ಇನ್ನಷ್ಟು ಹೆದರಿದಳು. ಸಾಬ್ರು ನನ್ನದೊಂದು ಫೋಟೊ ತೋರಿಸಿ, "ನೋಡ್ರಿ, ಮಾತಾಡ್ತಿರೋದು ಇವಳೇ" ಅಂದರು.

ಅಜ್ಜಿಯ ಜೊತೆ ಬಂದಿದ್ದ ಯಜಮಾನರು ಬೆಂಚಿನಿಂದ ಎದ್ದೇಬಿಟ್ಟರು. "ಫೋಟೊ ಇಟ್ಟು ಮಾತಾಡ್ಸೋದು ತೀರ್ಕಂಡೋರ ಹತ್ರ, ಸಾಬ್ರೇ. ಮುಖ ಕಾಣ್ದೋರ ಕೈಲಿ ಶುಭಕಾರ್ಯದ ಪತ್ರಿಕೆ ಹೆಂಗ್ ಬರೆಸೋದು?"

ನನಗೆ ಮೊದಲು ನಗು ಬಂತು. ಅವರು ಎದುರಿನ ಪ್ರೆಸ್ಸಿಗೆ ಹೋದಾಗ ನಗು ನಿಂತಿತು. ಆಮೇಲೆ ಇನ್ನೊಂದು ಮನೆಯವರು ಹೋದರು. ಕೊನೆಗೆ ಸಾಬ್ರು ತಮ್ಮ ಸೊಸೆ ಶಬಾನಾಳನ್ನು ನನ್ನ ಹಳೆಯ ಕುರ್ಚಿಯಲ್ಲಿ ಕೂರಿಸಿದರು. "ನಾನೇನ್ ಮಾಡ್ಲಿ ಬೇಟಿ, ಜನ ಮುಖ ಕೇಳ್ತಾರೆ" ಅಂದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ನಾನು ಒಂದೇ ಮಾತು ಕೇಳಿಕೊಂಡೆ. ನನ್ನ ತಂಗಿ ಪಾಲಮ್ಮನ ಮದುವೆ ಗೊತ್ತಾಗಿತ್ತು. ಅವಳ ಪತ್ರಿಕೆ ನಾನೇ ಮಾಡಬೇಕು. ಅದೊಂದನ್ನು ಮಾಡಿಕೊಟ್ಟರೆ ನಾನಿನ್ನೂ ಆ ಪ್ರೆಸ್ಸಿನವಳು, ಆ ಸೀಮೆಯವಳು. ಅದೂ ಕೈತಪ್ಪಿದರೆ ನನಗೆ ಅಲ್ಲಿ ಯಾವ ಕೆಲಸವೂ ಉಳಿಯುವುದಿಲ್ಲ.

"ಅದು ನಿಂದೇ. ಅದಕ್ಯಾರೂ ಕೈ ಹಾಕಲ್ಲ" ಎಂದರು ಸಾಬ್ರು.

ಹೂವಿನ ಅಂಚು, ಬಾಳೆಕಂಬ, ಅಕ್ಷರದ ಬಳುಕು ಎಲ್ಲ ಹೊಸದಾಗಿ ಕೂರಿಸಿ ಕಾದೆ. ಒಂದು ಮಧ್ಯಾಹ್ನ ಅವ್ವ, ಪಾಲಮ್ಮ, ನಮ್ಮ ಸೋದರಮಾವ ದೇವಸಮುದ್ರದಿಂದ ಬಸ್ಸಿಗೆ ಬಂದು ಬೆಂಚಿನ ಮೇಲೆ ಕೂತರು. ಪರದೆಯ ಮೇಲೆ ಅವ್ವನ ಮುಖ ಎಷ್ಟು ದೊಡ್ಡದಾಗಿ ಕಂಡಿತೆಂದರೆ ಮೂಗುತಿಯ ಹರಳು ಸಹ ಎಣಿಸಬಹುದಿತ್ತು.

"ಎಲ್ಲೈತೆ ಇವಳ ಮುಖ? ಬರೀ ತಗಡು ಕಾಣ್ತೈತೆ" ಅಂದಳು ಅವ್ವ.

"ಇಲ್ಲೇ ಐದೀನಿ ಕಣವ್ವ. ನೀನು ಹೇಳು, ನಾನು ಬರ್ಕಂತೀನಿ."

ಮಾವ ಮನೆದೇವರ ಹೆಸರು ಹೇಳಿದ. ಗಂಡಿನ ಕಡೆಯವರ ಹೆಸರು ಹೇಳಿದ. ನನ್ನ ಬೆರಳು ಹಳೇ ಲಯಕ್ಕೆ ಬಂದವು. ಅವ್ವ ಮಾತ್ರ ಆ ಕಡೆ ಈ ಕಡೆ ಬಗ್ಗಿ, ಸೂರಿನ ಸಂದಿಯಲ್ಲಿ ಮಗಳು ಸಿಕ್ಕಾಳೇನೋ ಎಂಬಂತೆ ಹುಡುಕುತ್ತಿದ್ದಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡಳು.

"ಒಂದ್ ಸಲ ಮುಖ ತೋರ್ಸೇ ಯವ್ವಾ. ಪತ್ರಿಕೆ ಆಮ್ಯಾಲೆ ಮಾಡೀಯಂತೆ."

ಎತ್ತಿದರೆ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕಲ್ಲು ಸರಿಸಿ ಫೋನು ಎತ್ತಿಕೊಂಡೆ. ಎದುರಿನ ಪರದೆ ಕಪ್ಪಾಯಿತು. ಅಂಗೈಯಗಲದ ಗಾಜಿನಲ್ಲಿ ಅವ್ವ ಚಿಕ್ಕವಳಾಗಿ ನನ್ನನ್ನೇ ದಿಟ್ಟಿಸುತ್ತಿದ್ದಳು.

"ಎಷ್ಟು ಸೊರಗಿದೀಯಲ್ಲೇ. ಮುದ್ದೆ ಸಿಗ್ತೈತೇನೇ ಅಲ್ಲಿ?"

"ಸಿಗ್ತೈತವ್ವ" ಅಂದೆ. ಇಬ್ಬರೂ ಅತ್ತೆವು.

ಮತ್ತೆ ವೈರು ಹಾಕಿದೆ. ಹತ್ತಲಿಲ್ಲ. ಊದಿದೆ, ಒರೆಸಿದೆ, ಅಲುಗಾಡಿಸಿದೆ, ಕಲ್ಲು ಹೇರಿದೆ. ಹತ್ತಲೇ ಇಲ್ಲ. ಅಷ್ಟರಲ್ಲಿ ಮಾವ ಬಸ್ಸಿನ ಹೊತ್ತಾಯಿತು ಎಂದು ಚಡಪಡಿಸತೊಡಗಿದ. "ಸಾಬ್ರ ಸೊಸೆ ಐದಾಳಲ್ಲ, ಮಾಡ್ತಾಳೆ ಬಿಡವ್ವ. ನೀನು ನಮ್ ಜೊತೆ ಮಾತಾಡ್ತಿರು" ಅಂದ. ಶಬಾನಾ ನನ್ನ ಕಡೆ ನೋಡಿದಳು. ಅಪ್ಪಣೆ ಕೇಳುವ ನೋಟ ಅದು. ನಾನು ತಲೆಯಾಡಿಸಿದೆ.

ಅವ್ವ ಸಾಬ್ರ ಫೋನು ಹಿಡಿದು ಬೆಂಚಿನ ಮೇಲೆ ಕೂತಳು. ಅವಳ ಕೈಯೊಳಗೆ ನಾನೂ ಆ ಬೆಂಚಿನ ಮೇಲೆ ಗಿರಾಕಿಯ ಹಾಗೆ ಕೂತು, ನನ್ನ ಕುರ್ಚಿಯ ಬೆನ್ನು, ಅದರಾಚೆಯ ಕಂಪ್ಯೂಟರ್ ಪರದೆ ನೋಡುತ್ತಿದ್ದೆ. ಶಬಾನಾಳ ಕೈ ಚುರುಕಾಗಿಯೇ ಓಡುತ್ತಿತ್ತು. ಕೊನೆಗೆ ಪತ್ರಿಕೆಯ ಕೆಳಗೆ ಬರುವ ಸುಖಾಗಮನ ಬಯಸುವವರ ಸಾಲು ಬಂತು. ಅಲ್ಲಿ ನೆಂಟರಿಷ್ಟರ ಹೆಸರೆಲ್ಲ ಇರುತ್ತದೆ. ಪರಊರು ಸೇರಿದವರಿದ್ದರೆ ಹೆಸರಿನ ಮುಂದೆ ಅವರ ಊರನ್ನೂ ಹಾಕುವುದು ನಮ್ಮ ಕಡೆಯ ಪದ್ಧತಿ.

ಶಬಾನಾ ತಿರುಗಿ ಕೇಳಿದಳು. "ತಿಪ್ಪಕ್ಕಾ, ನಿಮ್ದು, ನಿಮ್ ಯಜಮಾನ್ರದು ಹೆಸರು ಹಾಕ್ದೆ. ಊರು ಏನಂತ ಹಾಕ್ಲಿ?"

ಬಾಯಿ ತೆರೆದೆ. ದೇವಸಮುದ್ರ ಅನ್ನುವಂತಿಲ್ಲ, ಕೊಟ್ಟ ಹೆಣ್ಣು. ಪರಶುರಾಂಪುರ ಅನ್ನೋಣವೆಂದರೆ ಅಲ್ಲಿ ನಮ್ಮ ಒಲೆ ಆರಿದೆ. ನಾನು ತಡೆದದ್ದು ನೋಡಿ ಅವ್ವನೇ ಹೆಮ್ಮೆಯಿಂದ ಹೇಳಿದಳು.

"ಪುಣೆ ಅಂತ ಹಾಕವ್ವ ತಾಯಿ. ನಮ್ ಜನ ನೋಡ್ಲಿ, ನನ್ ಮಗಳು ಎಷ್ಟು ದೂರ ಹೋಗ್ಯಾಳೆ ಅಂತ."

ಶಬಾನಾ ಒತ್ತಿದಳು. ಹೆಸರಿಗೂ ಊರಿಗೂ ನಡುವೆ ಒಂದು ಅಲ್ಪವಿರಾಮ ಇಟ್ಟಳು. ಆ ಪ್ರೆಸ್ಸಿನಲ್ಲಿ ಊರು ಬಿಟ್ಟುಹೋದವರ ಹೆಸರನ್ನು ನಾನು ಯಾವತ್ತೂ ಹಾಗೆ ಹಾಕಿದವಳಲ್ಲ. ಸುಮ್ಮನಿರಲಾಗಲಿಲ್ಲ.

"ಹಂಗಲ್ಲ ಶಬಾನಾ" ಅಂದೆ. "ಊರು ಬಿಟ್ಟೋರಿಗೆ ಬ್ರಾಕೆಟ್ ಹಾಕ್ಬೇಕು."