ಕುಸುಬಿ ಎಣ್ಣೆಯ ದೋಣಿ

ಇವತ್ತು ಬೆಳಿಗ್ಗೆ ನಮ್ಮ ಸೊಸೆ ಸುಮತಿ ಒಲೆಯ ಮೇಲೆ ಕುಸುಬಿ ಎಣ್ಣೆ ಇಟ್ಟು ಹಿತ್ತಲಿಗೆ ಹೋದವಳು, ಪಕ್ಕದ ಮನೆಯವಳ ಜೊತೆ ಮಾತಿಗೆ ನಿಂತುಬಿಟ್ಟಳು. ಎಣ್ಣೆ ಹೊಗೆಯಾಡಿ, ಅದರ ಕಮಟು ವಾಸನೆ ಬೆಳಗಾವಿಯ ಅನಗೋಳದ ನಮ್ಮ ಓಣಿಯ ತುದಿ ಮುಟ್ಟಿತು. ಮನೆಯವರೆಲ್ಲ ಮೂಗು ಮುಚ್ಚಿಕೊಂಡು ಕಿಟಕಿ ತೆರೆದರು. ನಾನೊಬ್ಬ ಮಾತ್ರ ಪಡಸಾಲೆಯಲ್ಲಿ ಕೂತು ಆ ವಾಸನೆಯನ್ನು ಎದೆತುಂಬ ಎಳೆದುಕೊಂಡೆ. ಮುದುಕನಿಗೆ ತಲೆ ಕೆಟ್ಟಿದೆ ಅನ್ನುವ ಮೊದಲು ಇದರ ಹಿಂದಿನದನ್ನು ಸ್ವಲ್ಪ ಕೇಳಿ. ನನ್ನ ಮುಂದೆ ಒಂದು ಮುರುಕು ತೊಟ್ಟಿಲೂ ಇತ್ತು. ಮಗಳು ಹೆರಿಗೆಗೆ ಬಂದಿದ್ದಾಳೆ. ತೊಟ್ಟಿಲನ್ನು ನಾನೇ ಸರಿಮಾಡುತ್ತೇನೆಂದು ಜಂಬ ಕೊಚ್ಚಿ, ಆಮೇಲೆ ಕೈಗಳು ನಡುಗುತ್ತವೆಂದು ಎಂಟು ದಿನದಿಂದ ಅದನ್ನು ಬರೀ ನೋಡುತ್ತ ಕೂತಿದ್ದೆ.

ಇದು ಸಾವಿರದ ಒಂಬೈನೂರ ಇಪ್ಪತ್ತರ ದಶಕದ ಮಾತು. ನಾನಾಗ ಬೆಳಗಾವಿಯ ಒಂದು ಕನ್ನಡ ಸಾಲೆಯಲ್ಲಿ ಮಾಸ್ತರ. ಏನನ್ನಾದರೂ ಸುರು ಮಾಡುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಹಾರ್ಮೋನಿಯಂ ತಂದೆ, ಮೂರು ಸ್ವರ ಕಲಿತೆ. ಕಪಾಟು ಮಾಡಹೊರಟೆ, ಬಾಗಿಲಿಲ್ಲದ ಕಪಾಟಿನಲ್ಲಿ ಬೆಕ್ಕು ಮರಿ ಹಾಕಿತು. ತೀರಿಕೊಳ್ಳುವ ಕೆಲವು ದಿನ ಮೊದಲು ಅಪ್ಪ ನನ್ನನ್ನು ಹತ್ತಿರ ಕರೆದು, "ನೀ ಸುರು ಮಾಡಾಂವ, ಮುಗಸಾಂವ ಅಲ್ಲ ಬಿಡು," ಅಂದ. ಸಿಟ್ಟಿನಿಂದ ಅಂದಿದ್ದರೆ ಮರೆಯಬಹುದಿತ್ತು. ಆದರೆ ನಗುತ್ತ ಅಂದ.

ಅಪ್ಪ ಬಿಟ್ಟುಹೋದದ್ದು ಖಾನಾಪುರದ ಹತ್ತಿರ ಮಲಪ್ರಭೆಯ ಆಚೆ ದಂಡೆಯಲ್ಲಿ ಒಂದು ಭತ್ತದ ಗದ್ದೆ, ಈಚೆ ದಂಡೆಯಲ್ಲಿ ಒಂದು ಹಳೆಯ ದೋಣಿ. ಮಳೆಗಾಲದಲ್ಲಿ ದೋಣಿ ಇಲ್ಲದೆ ಆ ಗದ್ದೆ ಮಾಡುವುದು ಆಗದ ಮಾತು. ಸುತ್ತು ಹಾಕಿಕೊಂಡು ಹೋದರೆ ಅರ್ಧ ದಿನ ದಾರಿಯಲ್ಲೇ ಮುಗಿಯುತ್ತಿತ್ತು. ದೋಣಿಯೋ, ಬೋರಲು ಬಿದ್ದು ಆಡುಗಳಿಗೆ ನೆರಳಾಗಿತ್ತು. ಅವ್ವ ಸುತ್ತುಬಳಸಿ ಮಾತಾಡುವವಳಲ್ಲ. "ಮಿರಗದ ಮಳಿ ಬರೂದ್ರಾಗ ದೋಣಿ ನೀರಿಗೆ ಇಳೀಬೇಕು. ಇಲ್ಲಂದ್ರ ಗದ್ದಿ ಮಾರಿಬಿಡೂಣು," ಅಂದಳು. ಮಿರಗ ಅಂದರೆ ಜೂನ್ ಮೊದಲಿಗೆ ಸುರುವಾಗುವ ಮೃಗಶಿರ ಮಳೆ. ಆ ಗದ್ದೆಯ ಒಡ್ಡುಗಳನ್ನು ಅಪ್ಪ ತನ್ನ ಕೈಯಿಂದ ಹಾಕಿದ್ದ.

"ನಾ ಮಾಡ್ತೇನಿ," ಅಂದೆ. ಅವ್ವ ಬಾಗಿಲಿಲ್ಲದ ಕಪಾಟಿನ ಕಡೆ ಒಮ್ಮೆ ನೋಡಿದಳು.

ಸಾಲೆ ಬಿಟ್ಟು ಹೊಳೆಯ ದಂಡೆಯಲ್ಲಿ ಕೂಡುವ ಹಾಗಿರಲಿಲ್ಲ. ದೋಣಿಯನ್ನು ಚಕ್ಕಡಿಯ ಮೇಲೆ ಹೇರಿಸಿ ಅನಗೋಳಕ್ಕೇ ತರಿಸಿದೆ. ಓಣಿಯವರಿಗೆ ಹಬ್ಬ. "ಮಾಸ್ತರ್ರ, ಅನಗೋಳಕ್ಕ ಹೊಳಿ ಯಾವಾಗ ಬರತೈತ್ರಿ?" ಎಂದು ದಿನಕ್ಕೊಬ್ಬರು ಕೇಳಿ ಹೋದರು.

ಎರಡು ತಿಂಗಳು ಸಂಜೆಯೆಲ್ಲ ದುಡಿದೆ. ಕೊಳೆತ ಎರಡು ಹಲಗೆ ಬದಲಿಸಿದೆ. ಬೇಸಿಗೆಯ ಬಿಸಿಲಿಗೆ ಹಲಗೆಗಳ ನಡುವೆ ಬೆರಳು ಹೋಗುವಷ್ಟು ಸಂದು ಬಿಟ್ಟಿತ್ತು. ಅವಕ್ಕೆಲ್ಲ ರಾಳ ಹಚ್ಚಿದ ಅರಳೆಯನ್ನು ಸುತ್ತಿಗೆಯಿಂದ ಬಡಿದು ಬಡಿದು ತುಂಬಿದೆ. ಕೊನೆಯ ಸಂದು ತುಂಬಿದ ದಿನ ಓಣಿಯಲ್ಲಿ ಎದೆ ಉಬ್ಬಿಸಿಕೊಂಡು ಎರಡು ಸಲ ಓಡಾಡಿದೆ.

ಮರುದಿನ ಖಾನಾಪುರದಿಂದ ಅಂಬಿಗರ ಯಲ್ಲಪ್ಪ ಬಂದ. ಅಪ್ಪನ ದೋಣಿಗೆ ಹುಟ್ಟು ಹಾಕುತ್ತಿದ್ದವನು ಅವನೇ. ಸುತ್ತಲೂ ತಿರುಗಿ ನೋಡಿ, ಸಂದಿನಲ್ಲಿ ಉಗುರು ಒತ್ತಿ, "ಎಲ್ಲಾ ತಗೀರಿ ಮಾಸ್ತರ್ರ," ಅಂದ.

"ಯಾಕೋ?"

"ಒಣಗಿದ ಕಟ್ಟಿಗ್ಯಾಗ ತುಂಬೀರಿ. ಇದು ನೀರ ಕುಡದು ಉಬ್ಬಿತಂದ್ರ ನೀವು ತುಂಬಿದ ಅರಳೀನೇ ಹಲಗಿ ಸಿಡಿಸತೈತಿ. ಮೊದಲ ಕಲ್ಲ ಹೇರಿ ಹೊಳ್ಯಾಗ ಎಂಟ ದಿನಾ ಮುಳಗಸಬೇಕ್ರಿ. ಆಮ್ಯಾಲ ಉಳದ ಸಂದಿಗಷ್ಟ ತುಂಬೂದು."

ತೇಲಬೇಕಾದ ದೋಣಿಯನ್ನು ಮೊದಲು ಮುಳುಗಿಸುವುದು! ಹೊಳೆ ಬಲ್ಲ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಕೇಳುವ ಬುದ್ಧಿ ಮಾಸ್ತರನಿಗೆ ಎಲ್ಲಿಂದ ಬರಬೇಕು? ಯಲ್ಲಪ್ಪ ಹೋದ ಮೇಲೆ ದೋಣಿಯ ಬಾಜೂಕ್ಕೆ ಕುಸಿದು ಕೂತೆ. ಅಪ್ಪ ಖರೇನೇ ಹೇಳಿದ್ದನೇನೋ ಅನ್ನಿಸಿ ಕಣ್ಣಲ್ಲಿ ನೀರು ಬಂತು. ಮಿರಗಕ್ಕೆ ಇಪ್ಪತ್ತೇ ದಿನ ಉಳಿದಿತ್ತು. ಆಮೇಲೆ ಎದ್ದು ಉಳಿ ತಂದು, ಎರಡು ತಿಂಗಳ ಕೆಲಸವನ್ನು ಎಳೆ ಎಳೆಯಾಗಿ ಕಿತ್ತೆ. ಮುಗಿಸಲಾರದವನು ಅನ್ನಿಸಿಕೊಂಡರೂ ಅಡ್ಡಿಯಿಲ್ಲ, ಈ ಸಲ ಬಿಟ್ಟವನು ಅನ್ನಿಸಿಕೊಳ್ಳುವುದಿಲ್ಲ ಎಂದು ಹಲ್ಲು ಕಚ್ಚಿ ಕಿತ್ತೆ. ಸಾಲೆಗೂ ಆಗ ಬೇಸಿಗೆಯ ಸೂಟಿ ಬಿದ್ದಿತ್ತು.

ದೋಣಿಯನ್ನು ಮತ್ತೆ ಚಕ್ಕಡಿಯ ಮೇಲೆ ಹೇರಿಸಿ ಹೊರಟೆ, ಅವ್ವನೂ ಜೊತೆಗೆ ಬಂದಳು. ಖಾನಾಪುರದ ಮಡುವಿನಲ್ಲಿ ದೋಣಿ ಎಂಟು ದಿನ ಮುಳುಗಿತು. ಎತ್ತಿ ನೆರಳಲ್ಲಿ ಮೈ ಆರಿಸಿದಾಗ ಬೆರಳು ಹೋಗುತ್ತಿದ್ದ ಸಂದಿನಲ್ಲಿ ಕಡ್ಡಿಯೂ ಹೋಗುತ್ತಿರಲಿಲ್ಲ. ಉಳಿದ ಚೂರುಪಾರು ಸಂದುಗಳನ್ನು ತುಂಬಿದೆವು. ಆಗ ಹೊಸ ತಕರಾರು. ಮೇಲೆ ಮೀನೆಣ್ಣೆ ಬಳಿಯಬೇಕು ಎಂದ ಯಲ್ಲಪ್ಪ. ನಮ್ಮದು ಜೈನರ ಮನೆ. ಬಸದಿಗೆ ಹೋಗುವ ಕೈಯಿಂದ ಅದನ್ನು ಮುಟ್ಟುವುದುಂಟೇ?

"ಅದಿಲ್ಲದ ಹೆಂಗ ತಾಳತೈತ್ರಿ?" ಯಲ್ಲಪ್ಪ ತಲೆ ಕೆರೆದುಕೊಂಡ.

ಅಷ್ಟು ದಿನ ಬರೀ ನೋಡುತ್ತಿದ್ದ ಅವ್ವ ಆಗ ಎದ್ದಳು. ಮೂರು ಕಲ್ಲಿಟ್ಟು ಒಲೆ ಹೂಡಿ, ದೊಡ್ಡ ಕಡಾಯಿಯಲ್ಲಿ ಕುಸುಬಿ ಎಣ್ಣೆ ಸುರಿದು, ಅದು ಜೇನಿನ ಹಾಗೆ ಮಂದವಾಗುವವರೆಗೆ ಕುದಿಸಿದಳು. ಅವಳ ತವರಿನಲ್ಲಿ ಬಾವಿಯಿಂದ ನೀರೆತ್ತುವ ತೊಗಲಿನ ಚೀಲಕ್ಕೆ ಹೀಗೇ ಹಚ್ಚುತ್ತಿದ್ದರಂತೆ. ಕಮಟು ಹೊಗೆಯಲ್ಲಿ ಕೆಮ್ಮುತ್ತ ಮೂವರೂ ಬಳಿದೆವು. ಮೂರು ದಿನಕ್ಕೆ ಎಣ್ಣೆ ಗಟ್ಟಿ ಪೊರೆಯಾಯಿತು.

ಮಿರಗಕ್ಕೆ ಎರಡು ದಿನ ಮೊದಲು ದೋಣಿ ಇಳಿಯಿತು. ಹುಟ್ಟು ನನ್ನ ಕೈಯಲ್ಲಿತ್ತು. ಯಲ್ಲಪ್ಪ ಬೇಕೆಂದೇ ದಂಡೆಯಲ್ಲಿ ನಿಂತ. ಬೇಡವೆಂದರೂ ಅವ್ವ ಹತ್ತಿ ಕೂತಳು. ನಟ್ಟನಡು ಹೊಳೆಯಲ್ಲಿ ಒಂದು ಸಂದಿನಿಂದ ಸಣ್ಣಗೆ ನೀರು ಜಿನುಗತೊಡಗಿತು. ನನ್ನ ಕೈ ನಿಂತೇಹೋಯಿತು. ಇದೂ ಅರ್ಧಕ್ಕೇ ನಿಂತಿತು ಅಂದುಕೊಂಡೆ.

ಅವ್ವ ಸೀರೆ ಮೇಲೆ ಸಿಗಿಸಿ, ಗದ್ದೆಗೆಂದು ತಂದ ತಂಬಿಗೆಯಿಂದ ನೀರು ಮೊಗೆದು ಹೊರಗೆ ಚೆಲ್ಲಿದಳು.

"ಕೈ ಯಾಕ ನಿಂತೂ? ನೀ ಹುಟ್ಟ ಹಾಕು. ನೀರ ನಾ ಚೆಲ್ಲತೇನಿ."

ಆಚೆ ದಂಡೆ ಮುಟ್ಟಿದೆವು. ಆ ವರ್ಷ ಗದ್ದೆ ನಾಟಿಯಾಯಿತು, ಮುಂದೆ ಎಷ್ಟೋ ವರ್ಷ ಆಯಿತು. ಆ ಸಂದು ಕೊನೆಯವರೆಗೂ ಜಿನುಗುತ್ತಲೇ ಇತ್ತು. ದೋಣಿಯಲ್ಲಿ ಒಂದು ತಂಬಿಗೆ ಯಾವಾಗಲೂ ಇರುತ್ತಿತ್ತು.

ಇಷ್ಟು ನೆನಪಾಗುವಷ್ಟರಲ್ಲಿ ಸುಮತಿ ಕಡಾಯಿಯನ್ನು ಇಕ್ಕಳದಿಂದ ಹಿಡಿದು ಹೊರಗೆ ಚೆಲ್ಲಲು ಹೊರಟಿದ್ದಳು.

"ಚೆಲ್ಲಬ್ಯಾಡವಾ, ಇಲ್ಲಿ ತಾ. ತೊಟ್ಟಿಲಕ್ಕ ಹಚ್ಚಾಕ ಬೇಕು."

"ಈ ಸೀದ ಎಣ್ಣೀನ? ಮಾವಾರ, ನಿಮ್ಮ ಕೈ ನಡಗತಾವಲ್ರಿ."

"ನಡಗಲಿ," ಅಂದು ನಾನು ಸುತ್ತಿಗೆ ಎತ್ತಿಕೊಂಡೆ. "ಮೊದಲ ಈ ಹಲಗೀ ಕೂಡಸೂಣು. ಮೊಳೀ ನೀ ಹಿಡಿ, ನಾ ಬಡೀತೇನಿ."