ಪಿಕಳಾರದ ಮೇಷ್ಟ್ರು

ನಂಜುಂಡಯ್ಯ ಮೇಷ್ಟ್ರ ಬೈಗುಳ ತಿನ್ನದೆ ಪಾರಾದವರು ಜಯನಗರದಲ್ಲಿ ಯಾರೂ ಇರಲಿಲ್ಲ, ಪಿಕಳಾರ ಹಕ್ಕಿಗಳನ್ನು ಬಿಟ್ಟು. ಆಗಷ್ಟೇ ಎದ್ದು ನಿಲ್ಲುತ್ತಿದ್ದ ಬಡಾವಣೆಯ ಮನೆಗಳನ್ನು ಅವರು ‘ಸುಣ್ಣ ಬಳಿದ ಬೆಂಕಿಪೊಟ್ಟಣ’ ಎನ್ನುತ್ತಿದ್ದರು. ತಾವೂ ಅಂಥದ್ದೇ ಒಂದು ಪೊಟ್ಟಣದಲ್ಲಿ ವಾಸವಾಗಿದ್ದರೆನ್ನುವುದು ಬೇರೆ ಮಾತು. ಮಿಡ್ಲ್ ಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. “ಮೂವತ್ತು ವರ್ಷ ಕತ್ತೆಗಳ ಕೈಲಿ ಮಾವಿನಕಾಯಿ ಬರೆಸ್ದೆ ಕಣಯ್ಯಾ. ಒಂದಾದ್ರೂ ಮಾವಿನಕಾಯಿ ಥರ ಕಾಣ್ಲಿಲ್ಲ, ಎಲ್ಲಾ ಕತ್ತೆ ಥರಾನೇ ಇದ್ವು” ಎಂದು ಹೇಳಿ, ಮೂಗಿಗೆ ಒಂದು ಚಿಟಿಕೆ ನಶ್ಯ ಏರಿಸುತ್ತಿದ್ದರು.

ಭಾನುವಾರ ಬೆಳಕು ಹರಿಯುವ ಮುಂಚೆಯೇ ಕೋಟು ತೊಟ್ಟು, ಸೈಕಲ್ ಕ್ಯಾರಿಯರಿಗೆ ಗೋಣಿತಟ್ಟು ಕಟ್ಟಿಕೊಂಡು ಜರಗನಹಳ್ಳಿಯ ಮಾವಿನ ತೋಪಿಗೆ ಹೊರಡುತ್ತಿದ್ದರು. ಅಲ್ಲಿ ಪೊದೆಯ ಪಕ್ಕ ಮಡಚುವ ಹಳೆಯ ಕ್ಯಾಮರಾ ನಿಲ್ಲಿಸಿ, ಅದರ ಗುಂಡಿಗೆ ದಾರ ಕಟ್ಟಿ, ದೂರದಲ್ಲಿ ಗೋಣಿ ಹೊದ್ದು ಕೂರುವುದು. ಹಕ್ಕಿ ಬಂದರೆ ದಾರ ಎಳೆಯುವುದು. ಅದೂ ಯಾವ ಅಪರೂಪದ ಹಕ್ಕಿ? ಕರಿ ಜುಟ್ಟಿನ, ಬಾಲದ ಬುಡ ಕೆಂಪಾದ, ಬೇಲಿಬೇಲಿಗೂ ಸಿಗುವ ಪಿಕಳಾರ! ರೀಲಿನಲ್ಲಿ ಹನ್ನೆರಡು ಚಿತ್ರ ಬರುವುದಿದ್ದರೆ ಎರಡು ತೆಗೆದು ವಾಪಸಾಗುತ್ತಿದ್ದರು. ಬಚ್ಚಲುಮನೆಯಲ್ಲಿ ರೀಲು ತೊಳೆದು ನೋಡಿದರೆ ಮುಕ್ಕಾಲು ಎಲೆ, ಕಾಲು ಹಕ್ಕಿ. ಒಮ್ಮೊಮ್ಮೆ ಬರೀ ಜುಟ್ಟು.

ನಾನಾಗ ಗುಮಾಸ್ತ. ವಿಲ್ಸನ್ ಗಾರ್ಡನ್ನಿನಲ್ಲಿ ಬಾಡಿಗೆ ಕೋಣೆ, ಎರಡು ವರ್ಷ ಹೋಟೆಲ್ ತಿಂಡಿ ಬಿಟ್ಟು ಕೊಂಡ ಜರ್ಮನ್ ಕ್ಯಾಮರಾ, ಅದಕ್ಕೆ ತಕ್ಕ ಜಂಬ. ನಾನು ತೆಗೆದ ಚಿತ್ರ ಹಿಡಿದುಕೊಂಡು ಮೊದಲ ಸಲ ಮೇಷ್ಟ್ರ ಮನೆಗೆ ಹೋದಾಗ ಕೇಳಿದ್ದು ಒಂದೇ ಮಾತು. “ಕ್ಯಾಮರಾ ಜರ್ಮನಿದು, ಸರಿ. ಕಣ್ಣು ಯಾವೂರಿಂದಯ್ಯಾ?”

ಆಮೇಲೆ ನಾಲ್ಕು ವರ್ಷ ಪ್ರತಿ ವಾರ ಹೋದೆ. ವರಾಂಡದ ಮೆಟ್ಟಿಲ ಮೇಲೆ ಕೂತು, ನೆಗ್ಗಿದ ಲೋಟದಲ್ಲಿ ಕಾಫಿ ಕುಡಿಯುತ್ತಾ ಬೈಸಿಕೊಂಡೆ. ಕುರ್ಚಿ ಇತ್ತು, ನನಗಲ್ಲ. ಅದು ಅವರಿಗೆ ಕಂಡರಾಗದವರಿಗೆ ಮೀಸಲು. ಇನ್ಶೂರೆನ್ಸ್‌ನವನೊಬ್ಬ ಬಂದರೆ “ಬನ್ನಿ ಸಾರ್, ಕೂತ್ಕೊಳ್ಳಿ” ಎಂಬ ಉಪಚಾರವೇನು, ಬೆಳ್ಳಿ ಲೋಟದಲ್ಲಿ ಕಾಫಿಯೇನು! ಅವನು ಗೇಟು ದಾಟಿದ್ದೇ ತಡ, “ತೊಲಗ್ತು ಶನಿ” ಎನ್ನುತ್ತಿದ್ದರು. ಅವರ ಹೆಂಡತಿ ಸಾವಿತ್ರಮ್ಮ ಒಮ್ಮೆ ನನಗೆ ಮೆಲ್ಲಗೆ ಹೇಳಿದ್ದರು: “ಬೈತಾರೆ ಅಂತ ಬೇಜಾರು ಮಾಡ್ಕೋಬೇಡಪ್ಪ. ಮರ್ಯಾದೆ ಕೊಟ್ರು ಅಂದ್ರೆ ಆಗ ಹೆದರ್ಕೋ.”

ಆದರೂ ನನಗೊಂದು ಹುಚ್ಚು ಆಸೆ. ಒಂದೇ ಒಂದು ಚಿತ್ರ ನೋಡಿ ಈ ಮನುಷ್ಯ ‘ಚೆನ್ನಾಗಿದೆ’ ಅನ್ನಬೇಕು.

ಒಂದು ಏಪ್ರಿಲ್‌ನಲ್ಲಿ ತೋಪಿನ ಬೇಲಿಯ ಲಂಟಾನ ಪೊದೆಯೊಳಗೆ ಅವರೇ ಗೂಡು ತೋರಿಸಿದರು. ಒಳಗೆ ಮೂರು ಮರಿ. “ಎಲೆ ಮುಟ್ಟಬೇಡ ಕಣೋ ಮಂಕೇ. ಅದು ಅವುಗಳ ಮನೆ ಹೆಂಚು” ಎಂದರು. ನಾನು ತಲೆಯಾಡಿಸಿದೆ. ಮಾರನೆಯ ದಿನ ಆಫೀಸಿಗೆ ರಜೆ ಹಾಕಿ ಒಬ್ಬನೇ ಹೋದೆ. ಎಲ್ಲಿ ನಿಂತರೂ ಎಲೆ ಅಡ್ಡ. ಗೂಡಿನ ಚಿತ್ರ ತೆಗೆಯುವ ಮಹಾಶಯರೆಲ್ಲ ಆಗ ಸುತ್ತಲಿನ ಟೊಂಗೆ ಕತ್ತರಿಸಿಯೇ ತೆಗೆಯುತ್ತಿದ್ದರು. ‘ಬೆಳಕು ಬೇಕಾದರೆ ಕತ್ತರಿ ಬೇಕು’ ಎನ್ನುವುದು ಅವರ ವೇದವಾಕ್ಯ. ನನ್ನ ಚೀಲದಲ್ಲೂ ಕತ್ತರಿ ಇತ್ತು. ನಾಲ್ಕೇ ಟೊಂಗೆ. ಗೂಡಿನ ಮೇಲೆ ಬಿಸಿಲು ಸುರಿಯಿತು. ತಾಯಿ ಹುಳು ಕಚ್ಚಿಕೊಂಡು ಬಂತು, ಮೂರು ಕೆಂಪು ಬಾಯಿ ಒಟ್ಟಿಗೆ ತೆರೆದವು. ಹನ್ನೆರಡೂ ಚಿತ್ರ ಹೊಡೆದು, ಸಿಳ್ಳೆ ಹಾಕುತ್ತಾ ಸೈಕಲ್ ತುಳಿದೆ. ಅಷ್ಟು ಜಾಣ ನಾನು!

ಶನಿವಾರ ಸಂಜೆ ದೊಡ್ಡದಾಗಿ ಮಾಡಿಸಿದ ಪ್ರತಿಯನ್ನು ಅವರ ಕೈಗಿಟ್ಟೆ. ಮೇಷ್ಟ್ರು ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹೇಳ್ತಾರೆ, ಇವತ್ತು ಹೇಳೇ ಹೇಳ್ತಾರೆ.

“ಎಲೆ ಎಲ್ಲಿ?”

“ಅಡ್ಡ ಇತ್ತು ಮೇಷ್ಟ್ರೇ... ಬರೀ ನಾಲ್ಕು ಟೊಂಗೆ...”

ಅವರು ಕೋಟು ತೊಟ್ಟು ಸೈಕಲ್ ಹತ್ತಿದರು. ನಾನು ಹಿಂದೆ ಹೋದೆ. ಗೂಡು ಒಂದು ಕಡೆಗೆ ವಾಲಿತ್ತು. ಒಳಗೆ ಏನೂ ಇರಲಿಲ್ಲ. ಮೇಲೆ ಮಾವಿನ ಕೊಂಬೆಯಲ್ಲಿ ಕಾಗೆಯೊಂದು ಕೊಕ್ಕು ಉಜ್ಜುತ್ತಿತ್ತು. ಬೈತಾರೆ ಎಂದು ತಲೆ ತಗ್ಗಿಸಿ ನಿಂತೆ. ಕತ್ತೆ, ಕಟುಕ, ಏನು ಅಂದರೂ ಸರಿ. ಮೇಷ್ಟ್ರು ವಾಲಿದ ಗೂಡನ್ನು ನೆಟ್ಟಗೆ ಮಾಡಿ, ಕೈ ಒರೆಸಿಕೊಂಡು, “ಕತ್ತಲಾಗುತ್ತೆ. ತಾವು ಹೊರಡಿ” ಎಂದರು.

ಆ ಚಿತ್ರಕ್ಕೆ ಪ್ರದರ್ಶನವೊಂದರಲ್ಲಿ ಮೊದಲ ಬಹುಮಾನ ಬಂತು. ತೀರ್ಪುಗಾರರು ‘ಎಂಥಾ ಬೆಳಕು!’ ಎಂದು ಬಾಯಿ ಚಪ್ಪರಿಸಿದರು. ಥೂ, ನನ್ನ ಮುಖಕ್ಕಿಷ್ಟು. ಗೂಡು ನೋಡಿ ಬಂದ ಮರುವಾರವೇ ಮೇಷ್ಟ್ರ ಮನೆಗೆ ಹೋದರೆ, “ಬನ್ನಿ ಸಾರ್, ಕೂತ್ಕೊಳ್ಳಿ” ಎಂದು ಕುರ್ಚಿ ಎಳೆದರು. ಬೆಳ್ಳಿ ಲೋಟ ತಂದ ಸಾವಿತ್ರಮ್ಮ ನನ್ನ ಮುಖ ನೋಡಲಿಲ್ಲ.

ಮೂರು ವರ್ಷ ಹಾಗೇ ನಡೆಯಿತು. ಆಮೇಲೆ ಮೇಷ್ಟ್ರು ಹಾಸಿಗೆ ಹಿಡಿದರು. ಕೊನೆಯ ಸಲ ಹೋದಾಗ ಹೊಸದೊಂದು ಚಿತ್ರ ಒಯ್ದಿದ್ದೆ. ಗೋಣಿ ಹೊದ್ದು ಆರು ಭಾನುವಾರ ಕೂತು, ದಾರ ಎಳೆದು ತೆಗೆದದ್ದು. ಮುಕ್ಕಾಲು ಎಲೆ, ಸಂದಿಯಲ್ಲಿ ಒಂದು ಕರಿ ಜುಟ್ಟು. ಹೆದರುತ್ತಾ ಅವರ ಕೈಗಿಟ್ಟೆ. ಅವರು ಕಣ್ಣಿನ ಹತ್ತಿರ ತಂದು ನೋಡಿದರು. ತುಟಿ ಅಲುಗಿತು. ಬೈತಾರೆ ಎನ್ನಿಸಿತು. ನನಗೆ ತಡೆಯಲಾಗಲಿಲ್ಲ.

“ಬೈರಿ ಮೇಷ್ಟ್ರೇ, ಒಂದ್ಸಲ ಬೈದ್ಬಿಡಿ” ಎಂದೆ.

ಮೇಷ್ಟ್ರು ಚಿತ್ರವನ್ನು ಜೋಪಾನವಾಗಿ ನನ್ನ ಕೈಗೇ ವಾಪಸ್ ಕೊಟ್ಟರು.

“ಚೆನ್ನಾಗಿದೆ ಸಾರ್” ಎಂದರು.